ಒಂದೇ ಸಾಲು ಜೋಳ

ಮಾರ್ಚ್ ೬

ಇವತ್ತು ಜೋಳ ಬಿತ್ತಿದೆ. ಬೀದಿ ಕಡೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲೇ, ಒಬ್ಬರು ನುಸುಳುವಷ್ಟು ಜಾಗ ಬಿಟ್ಟು, ಗೇಟಿನಿಂದ ಆ ಮೂಲೆಯವರೆಗೆ ಒಂದೇ ಸಾಲು, ಗೇಣಿಗೊಂದು ಕಾಳು. ಹಿತ್ತಲಲ್ಲಿ ಹಾಕೋಣ, ಎಳೆ ತೆನೆ ಬೇಯಿಸಿ ತಿನ್ನೋಣ ಎಂದು ತರಿಸಿದ್ದ ಸ್ವೀಟ್ ಕಾರ್ನ್ ಬೀಜ ಇದು. ಈಗ ನನಗೆ ತೆನೆಗಿಂತ ಗಿಡದ ಎತ್ತರ ಬೇಕಾಗಿದೆ. ನಮ್ಮ ಗೋಡೆ ಬರುವುದು ನನ್ನ ಭುಜದವರೆಗೆ ಮಾತ್ರ. ನಾನು ಕೂತು ಕೆಲಸ ಮಾಡುವ ಕಿಟಕಿ ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ಪೊಟ್ಟಣದ ಮೇಲಿನ ಚಿತ್ರದಲ್ಲಿ ಜೋಳ ಆಳೆತ್ತರ ಮೀರಿ ನಿಂತಿದೆ.

ಕಾಳು ನೋಡಿದರೆ ನಂಬಿಕೆ ಬರುವುದಿಲ್ಲ. ಸುಕ್ಕುಗಟ್ಟಿ, ಒಣಗಿ, ಸತ್ತೇಹೋದ ಹಾಗಿದೆ. ಅತ್ತೆ ಅಂಗೈಯಲ್ಲಿಟ್ಟು ನೋಡಿ, "ಇದು ಮೊಳೆಯೋದಾದ್ರೆ ನಾನೂ ಇನ್ನೊಂದ್ಸಲ ಮದುವೆ ಆಗ್ತೀನಿ" ಎಂದರು. ಮಗ ತೀರಿಹೋದ ಮೇಲೂ ಸೊಸೆಯ ಜೊತೆ ಇರುವವರು, ನನ್ನ ಜೊತೆ ಜಗಳ ಮಾಡಲೆಂದೇ ಇನ್ನೂ ಗಟ್ಟಿಯಾಗಿರುವವರು. ಬಾಯಲ್ಲಿ ಒಂದೂ ಹಲ್ಲಿಲ್ಲ. ಊರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವ ನಾನು ಮನೆಯವರಿಗೆ ಮಾಡಿಕೊಟ್ಟಿಲ್ಲ ಎಂದು ಬಂದವರಿಗೆಲ್ಲ ಬಾಯಿ ತೆರೆದು ತೋರಿಸುತ್ತಾರೆ.

ಯಾರಿಗೂ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೀಜದ ಪೊಟ್ಟಣ ತಂದುಕೊಟ್ಟವಳು ಅಂಚೆಯಕ್ಕ. ನಮ್ಮ ಬೀದಿಗೆ ಎಷ್ಟೋ ವರ್ಷದಿಂದ ಅವಳೇ ಅಂಚೆ ಹಂಚುವುದು. ಹೋದ ವಾರ ಗೇಟಿನ ಹತ್ತಿರ ಪೊಟ್ಟಣ ನನ್ನ ಕೈಗಿಟ್ಟು, "ತೆನೆ ಬಂದಾಗ ನನ್ನ ಮರೀಬೇಡಿ ಮತ್ತೆ" ಎಂದು ಸೈಕಲ್ ಹತ್ತಿದಳು. ತಿರುವು ಮುಟ್ಟಿರಲಿಲ್ಲ. ನೀಲಿ ಕಾರು ಬಂತು, ಹೊಡೆಯಿತು, ನಿಂತಿತು. ಡ್ರೈವರ್ ಸೀಟಿನ ಕಡೆಯ ಬಾಗಿಲು ತೆಗೆದು ಒಬ್ಬ ಇಳಿದ. ಪೀಠೋಪಕರಣದ ಅಂಗಡಿಯ ಯಜಮಾನ; ನಮ್ಮ ಬೀರು ಅವನ ಅಂಗಡಿಯದೇ. ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ. ಬಿದ್ದವಳನ್ನು ನೋಡಿದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ಮತ್ತೆ ಕಾರು ಹತ್ತಿ ಹೊರಟುಹೋದ.

ಪೊಲೀಸರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಬೇರೆ ಯಾರೂ ನೋಡಿಲ್ಲ ಎಂದು ಗೊತ್ತಾದದ್ದು ಆಮೇಲೆ. ಅವನ ಹತ್ತಿರ ಕೆಲಸಕ್ಕಿರುವ ವಯಸ್ಸಾದ ಡ್ರೈವರ್ ಠಾಣೆಗೆ ಹೋಗಿ "ಓಡಿಸ್ತಿದ್ದದ್ದು ನಾನೇ" ಎಂದು ಒಪ್ಪಿಕೊಂಡಿದ್ದಾನೆ ಎಂಬುದು ಇನ್ನೂ ಆಮೇಲೆ. ಈಗ ಒಂದು ಕಡೆ ಅವರಿಬ್ಬರ ಮಾತು, ಇನ್ನೊಂದು ಕಡೆ ನನ್ನೊಬ್ಬಳದು. ಇದನ್ನೇ ಕೋರ್ಟಿನಲ್ಲಿ ಮತ್ತೊಮ್ಮೆ ಹೇಳಬೇಕಂತೆ.

ಅವತ್ತಿನಿಂದ ನೀಲಿ ಕಾರು ದಿನಾ ನಮ್ಮ ಬೀದಿಯಲ್ಲಿ ಬರುತ್ತದೆ. ಅವನ ಅಂಗಡಿಗೆ ಹೋಗಲು ಈ ಬೀದಿ ಬೇಕಾಗಿಯೇ ಇಲ್ಲ. ನಮ್ಮ ಗೋಡೆಯ ಹತ್ತಿರ ನಿಧಾನವಾಗುತ್ತದೆ, ಮುಂದೆ ಹೋಗುತ್ತದೆ. ಅಷ್ಟೇ. ಇದಕ್ಕೆ ಯಾರಿಗೆ ದೂರು ಕೊಡುವುದು?

ಮಾರ್ಚ್ ೯

ನೀಲಿ ಕಾರು ಎರಡು ಸಲ ಬಂತು. ಕಿಟಕಿಯ ಪರದೆ ಎಳೆದು ದೀಪ ಹಾಕಿಕೊಂಡು ಕೆಲಸ ಮಾಡಿದೆ. ಒಂದು ಸೆಟ್ಟಿನ ಕೆಳದವಡೆ ಹಾಳಾಯಿತು. ಮೇಣದಲ್ಲಿ ಕೂರಿಸಿದ ಹಲ್ಲು ಒಂದೂ ನೆಟ್ಟಗಿಲ್ಲ, ಎಲ್ಲ ಜಾತ್ರೆಯಿಂದ ಬಂದವರ ಹಾಗೆ ದಿಕ್ಕಿಗೊಂದು ನಿಂತಿವೆ.

ಮಾರ್ಚ್ ೧೫

ಮೊಳೆತಿದೆ. ಸುರುಳಿ ಸುತ್ತಿದ ಹಸಿರು ಈಟಿಗಳು, ಸಾಲಾಗಿ. ಅತ್ತೆಯನ್ನು ಕರೆದು ತೋರಿಸಿ, "ಗಂಡು ಹುಡುಕ್ಲಾ?" ಎಂದೆ. "ಹಲ್ಲು ಹಾಕ್ಕೊಡು ಮೊದ್ಲು, ಆಮೇಲೆ ಗಂಡಿನ ಮಾತು" ಎಂದರು.

ಅತ್ತೆ ಆಸ್ಪತ್ರೆಗೆ ಹೋಗಿ ಅಂಚೆಯಕ್ಕನನ್ನು ನೋಡಿಕೊಂಡು ಬಂದರು. ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದು ಒಳಗೆ ಕಂಬಿ ಹಾಕಿದ್ದಾರಂತೆ. ನನಗೆ ಕೆಲಸವಿದೆ ಎಂದು ಹೇಳಿ ಕಳಿಸಿದ್ದೆ. ಕೆಲಸ ಇರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ನಿಂತು ನೋಡುತ್ತಿದ್ದರೆ ಏನು ಮಾಡುವುದು ಎಂಬ ಭಯ.

ಅಂಚೆಯಕ್ಕನೂ ತನ್ನ ಮನೆಯಲ್ಲಿ ಪ್ರತಿ ವರ್ಷ ಜೋಳ ಬೆಳೆಯುತ್ತಾಳಂತೆ. ಹಾಸಿಗೆಯಲ್ಲಿ ಬಿದ್ದಿದ್ದರೂ ಮೊದಲು ಕೇಳಿದ್ದು ಬೀಜ ಹಾಕಿದಿರಾ ಎಂದು. ಅತ್ತೆ ಒಂದೇ ಸಾಲು ಹಾಕಿದ್ದಾಳೆ ಎಂದರಂತೆ. ಅದಕ್ಕವಳು ತಲೆ ಚಚ್ಚಿಕೊಂಡಳಂತೆ. "ಜೋಳಾನ ಚೌಕವಾಗಿ ಹಾಕ್ಬೇಕಂತೆ ಕಣೇ, ನಾಕ್ ಸಾಲು ಒತ್ತೊತ್ತಾಗಿ. ಒಂದರ ಮೈ ಒಂದಕ್ಕೆ ತಾಗ್ಬೇಕಂತೆ. ಒಂಟಿ ಸಾಲಿಗೆ ಗಾಳಿ ಬೀಸಿದ್ರೆ ಎಲ್ಲಾ ಬೀದಿ ಪಾಲು ಅಂದ್ಲು" ಎಂದರು ಅತ್ತೆ. ಏನು ಬೀದಿ ಪಾಲು ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

ಕಿತ್ತು ಬೇರೆ ಕಡೆ ನೆಡುವ ಮಾತೇ ಇಲ್ಲ. ಇದು ಇಲ್ಲಿಯೇ ಬೆಳೆಯಬೇಕು.

ಏಪ್ರಿಲ್ ೨

ಜೋಳ ಮೊಣಕಾಲಿಗೆ ಬಂದಿದೆ. ಬೆಳಿಗ್ಗೆ ಬುಡಕ್ಕೆ ಮಣ್ಣು ಏರಿಸುತ್ತಿದ್ದೆ. ಬಗ್ಗಿದ್ದರಿಂದ ಕಾರು ಬಂದದ್ದು ಕಾಣಲಿಲ್ಲ. ಎದ್ದು ನಿಂತರೆ ಗೋಡೆಯ ಆಚೆ ಅವನೇ, ಕಾರಿನ ಕಿಟಕಿಯಿಂದ ಮೊಣಕೈ ಹೊರಗೆ ಹಾಕಿಕೊಂಡು ಕೂತಿದ್ದಾನೆ.

ಗೇಟಿನ ಸಂದಿಯಿಂದ ಸಾಲು ನೋಡಿ, "ಜೋಳಾನಾ?" ಎಂದ.

ಹೌದು ಎಂದೆ. ಎಂದೆನೋ, ತಲೆ ಆಡಿಸಿದೆನೋ.

"ಎಷ್ಟೆತ್ತರ ಬೆಳೆಯುತ್ತೆ?"

"ಆಳೆತ್ತರ."

"ಒಳ್ಳೇದು. ಬೀದಿ ಧೂಳು ಒಳಗೆ ಬರಲ್ಲ." ಮನೆಯ ಕಡೆ ಕಣ್ಣು ಹಾಯಿಸಿ ಕೇಳಿದ, "ಬೀರು ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ಏನಾದ್ರೂ ತೊಂದರೆ ಆದ್ರೆ ಹೇಳಿ. ಮನೆಗೇ ಬಂದು ನೋಡ್ತೀವಿ."

ನಕ್ಕು ಹೋದ. ಒಂದು ಕೆಟ್ಟ ಮಾತಿಲ್ಲ. ಯಾರಿಗಾದರೂ ಹೇಳಿದರೆ, ಪಾಪ ಎಷ್ಟು ಒಳ್ಳೆಯ ವ್ಯಾಪಾರಿ ಎನ್ನುತ್ತಾರೆ. ನಾನು ಮಣ್ಣಿನ ಕೈಯಲ್ಲೇ ಒಳಗೆ ಬಂದು ಚಿಲಕ ಹಾಕಿ, ಅಡುಗೆಮನೆಯ ನೆಲದ ಮೇಲೆ ಕೂತೆ. ಅತ್ತೆ ಏನಾಯಿತು ಎಂದರು. ಬಿಸಿಲು ಎಂದೆ.

ಏಪ್ರಿಲ್ ೩

ಬೀರು ತೆಗೆಯಲು ಮನಸ್ಸಾಗಲಿಲ್ಲ. ನಿನ್ನೆಯ ಬಟ್ಟೆಯನ್ನೇ ಹಾಕಿಕೊಂಡೆ.

ಏಪ್ರಿಲ್ ೨೦

ಗೋಡೆ ಮೀರಿ ಬೆಳೆದಿದೆ. ಕಿಟಕಿಯಲ್ಲಿ ಕೂತರೆ ಬೀದಿ ಕಾಣುವುದಿಲ್ಲ, ಎಲೆ ಮಾತ್ರ ಕಾಣುತ್ತದೆ. ಪರದೆ ಸರಿಸಿದೆ. ಎಷ್ಟು ದಿನಕ್ಕೆ ಬೆಳಕಿನಲ್ಲಿ ಕೆಲಸ ಮಾಡಿದ್ದು. ಒಂದು ವಾರ ನೆಮ್ಮದಿಯಾಗಿತ್ತು ಎಂದು ಬರೆಯಬೇಕೆಂದಿದ್ದೆ. ಆದರೆ ನೆಮ್ಮದಿ ಇದ್ದ ದಿನ ಡೈರಿ ನೆನಪಾಗುವುದಿಲ್ಲ.

ಇವತ್ತು ಮಧ್ಯಾಹ್ನ ಗಾಳಿ ಇರಲಿಲ್ಲ. ಆದರೂ ಜೋಳದ ಸಾಲಿನ ಆ ತುದಿಯಲ್ಲಿ ಸರಸರ ಸದ್ದು. ನೋಡುತ್ತಿದ್ದ ಹಾಗೆ ಎಲೆಗಳು ಅಲುಗಿದವು. ಆಗ ಹೊಳೆಯಿತು: ಹೊರಗಿನವರಿಗೆ ನಾನು ಕಾಣದ ಹಾಗೆ ಬೆಳೆಸಿದ ಜೋಳದೊಳಗೆ, ನನಗೆ ಕಾಣದ ಹಾಗೆ ಯಾರು ಬೇಕಾದರೂ ನಿಲ್ಲಬಹುದು. ಗೋಡೆ ಹಾರಿ ಬಂದು ಜೋಳಕ್ಕೂ ಗೋಡೆಗೂ ನಡುವೆ ಕೂತರೆ ಯಾರಿಗೆ ತಿಳಿಯುತ್ತದೆ? ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಮೇಣ ಕೊರೆಯುವ ಚಾಕು ಕೈಯಲ್ಲಿತ್ತು, ಅದನ್ನೇ ಹಿಡಿದುಕೊಂಡು ಹೊರಗೆ ಬಂದು, "ಯಾರದು?" ಎಂದು ಕೂಗಿದೆ. ಕೂಗು ಎಂದುಕೊಂಡೆ, ಗಂಟಲಿಂದ ಬೆಕ್ಕಿನ ಮರಿಯ ದನಿ ಬಂತು.

ಎಲೆ ಸರಿಸಿಕೊಂಡು ಅತ್ತೆ ಬಂದರು. ಬಾಯಿ ಸುತ್ತ ಬಿಸ್ಕತ್ತಿನ ಪುಡಿ. ಸಕ್ಕರೆ ಕಾಯಿಲೆ ಇರುವುದರಿಂದ ಕ್ರೀಮ್ ಬಿಸ್ಕತ್ತಿನ ಡಬ್ಬಿಯನ್ನು ನಾನು ಮೇಲಿನ ಅಟ್ಟದಲ್ಲಿಟ್ಟಿದ್ದೆ. ಹೇಗೋ ಇಳಿಸಿಕೊಂಡು, ಕದ್ದು ತಿನ್ನಲು ಜೋಳದೊಳಗೆ ಹೋಗಿ ಕೂತಿದ್ದರು.

"ಒಂದು ಬಿಸ್ಕತ್ತಿಗೆ ಚಾಕು ತಗೊಂಡು ಬರ್ತಾರೇನೇ?" ಎಂದರು.

ನಗು ಬಂತು, ಆಮೇಲೆ ಅಳು ಬಂತು. ಅಳು ಬಂದದ್ದನ್ನು ಅತ್ತೆ ನೋಡಿದರು. ಆಗ ಎಲ್ಲ ಹೇಳಿಬಿಟ್ಟೆ, ಬೀರಿನ ಮಾತು ಸಮೇತ. ಅತ್ತೆ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ನನ್ನ ಕೈಗಿಟ್ಟರು.

ಏಪ್ರಿಲ್ ೨೩

ಹೆದರಿದವರ ಮೇಲೆ ಹಾವು ಬಿಟ್ಟ ಹಾಗೆ, ಕೋರ್ಟಿನ ಸಮನ್ಸ್ ಬಂತು. ಮೇ ೨೧. ಅಂಚೆಯಕ್ಕನ ಬದಲಿಗೆ ಬರುತ್ತಿರುವ ಹೊಸಬ ತಂದುಕೊಟ್ಟ.

ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ: "ದೂರದಿಂದ ನೋಡಿದ್ದು, ಮುಖ ಸರಿಯಾಗಿ ಕಾಣಲಿಲ್ಲ." ಸುಲಭವಾಗಿ ಬರುತ್ತದೆ. ನಾಲಗೆ ಎಲ್ಲೂ ತಡೆಯುವುದಿಲ್ಲ. ಒಂದೇ ವಾಕ್ಯ, ಅದನ್ನು ಹೇಳಿ ಬಂದರೆ ನೀಲಿ ಕಾರು ಬೇರೆ ಬೀದಿಯಲ್ಲಿ ಹೋಗುತ್ತದೆ. ಆ ಡ್ರೈವರ್ ತಾನಾಗಿಯೇ ಒಪ್ಪಿಕೊಂಡಿದ್ದಾನಲ್ಲ, ಅವನಿಗಿಲ್ಲದ ಕಷ್ಟ ನನಗೇಕೆ? ಅವನ ಮನೆಯಲ್ಲಿ ಯಾರು ಯಾರಿದ್ದಾರೋ ಗೊತ್ತಿಲ್ಲ. ತಿಳಿದುಕೊಳ್ಳುವುದೂ ಬೇಡ.

ಏಪ್ರಿಲ್ ೨೮

ಜೋಳದ ತುದಿಯಲ್ಲಿ ಜುಟ್ಟು ಬಂದಿದೆ. ಎಲೆಯ ಸಂದಿಯಲ್ಲಿ ಎಳೆ ತೆನೆ, ಅದರ ಬಾಯಿಂದ ರೇಷ್ಮೆಯಂಥ ಕೂದಲು ಇಣುಕುತ್ತಿದೆ. ಅತ್ತೆ ಆಸ್ಪತ್ರೆಯಿಂದ ಪಾಠ ಕಲಿತು ಬಂದರು. ಬೀದಿ ಪಾಲಾಗುವುದು ಏನೆಂದು ಇವತ್ತು ತಿಳಿಯಿತು. ಜುಟ್ಟಿನಲ್ಲಿರುವುದು ಗಂಡು ಹುಡಿ. ಅದು ಉದುರಿ ಕೂದಲಿನ ಮೇಲೆ ಬೀಳಬೇಕು. ಒಂದು ಕೂದಲಿಗೆ ಒಂದು ಕಾಳು. ಯಾವ ಕೂದಲಿಗೆ ಹುಡಿ ಬೀಳುವುದಿಲ್ಲವೋ ಆ ಜಾಗದಲ್ಲಿ ಕಾಳಿಲ್ಲ. ಚೌಕವಾಗಿ ನೆಟ್ಟರೆ ಗಾಳಿ ಎತ್ತಲಿಂದ ಬಂದರೂ ಪಕ್ಕದ ಗಿಡಕ್ಕೆ ಸಿಗುತ್ತದೆ. ನನ್ನ ಒಂದೇ ಸಾಲಿನಲ್ಲಿ ಎಲ್ಲ ಹಾರಿ ರಸ್ತೆಗೆ ಹೋಗುತ್ತದೆ.

ಅದಕ್ಕೊಂದು ಉಪಾಯವಂತೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ, ಜುಟ್ಟನ್ನು ಕಾಗದದ ಚೀಲದೊಳಗೆ ಬಗ್ಗಿಸಿ ಒದರಬೇಕು. ಬಿದ್ದ ಹಳದಿ ಹುಡಿಯನ್ನು ಕೈಯಾರೆ ಕೂದಲಿಗೆ ಹಚ್ಚಬೇಕು. ಒಂದು ವಾರ, ದಿನಾ.

ಜುಟ್ಟು ಇರುವುದು ನನ್ನ ತಲೆಗಿಂತ ಒಂದು ಮೊಳ ಮೇಲೆ. ಸ್ಟೂಲ್ ಹಾಕಿಕೊಂಡು ಹತ್ತಿದರೆ ಸೊಂಟದವರೆಗೆ ಗೋಡೆಯ ಮೇಲೆ ಕಾಣುತ್ತೇನೆ. ನೀಲಿ ಕಾರು ಬರುವುದೂ ಅದೇ ಹೊತ್ತಿಗೆ.

"ಆಗಲ್ಲ" ಎಂದೆ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ಹಲ್ಲೂ ಇಲ್ಲ, ಜೋಳಾನೂ ಇಲ್ಲ ಅನ್ನು" ಎಂದು ಅತ್ತೆ ಎದ್ದುಹೋದರು.

ಏಪ್ರಿಲ್ ೩೦

ಹತ್ತಿದೆ. ಯಾಕೆ ಹತ್ತಿದೆ ಎಂದು ಗೊತ್ತಿಲ್ಲ. ಗಿಡ ಅಷ್ಟು ಕಷ್ಟಪಟ್ಟು ಬೆಳೆದು, ಬರಿ ದಿಂಡು ಹೊತ್ತುಕೊಂಡು ನಿಲ್ಲುವುದನ್ನು ನೋಡಲಾಗಲಿಲ್ಲ ಎಂದುಕೊಳ್ಳುತ್ತೇನೆ. ಬೇಗ ಬೇಗ ಮುಗಿಸಿ ಇಳಿದರಾಯಿತು ಎಂದು ಮೊದಲ ಗಿಡದ ಜುಟ್ಟು ಬಗ್ಗಿಸಿದೆ. ಹಳದಿ ಹುಡಿ ಚೀಲಕ್ಕೆ ಬಿದ್ದದ್ದಕ್ಕಿಂತ ನನ್ನ ಮುಖಕ್ಕೆ ಬಿದ್ದದ್ದು ಹೆಚ್ಚು. ಅರ್ಧ ಸಾಲು ಆಗಿತ್ತು. ಕಾರು ಬಂತು, ನಿಂತಿತು.

"ಸ್ಟೂಲ್ ಹುಷಾರು" ಎಂದ. "ನೀವೇನಾದ್ರೂ ಬಿದ್ದುಗಿದ್ದರೆ ಮನೇಲಿ ವಯಸ್ಸಾದವರು ಒಬ್ಬರೇ ಆಗ್ಬಿಡ್ತಾರೆ."

ನಾನು ಇಳಿದೆ. ಉಳಿದ ಅರ್ಧ ಸಾಲು ಹಾಗೇ ಇದೆ.

ಮೇ ೧

ಹೋಗಲಿಲ್ಲ.

ಮೇ ೨

ಹೋಗಲಿಲ್ಲ. ಬಿಸಿಗಾಳಿ. ಜೋಳದ ಕೂದಲಿನ ತುದಿ ಒಣಗುತ್ತಿದೆ ಎಂದು ಅತ್ತೆ ಎರಡು ಸಲ ಹೇಳಿದರು. ಕಿವಿ ಕೇಳಿಸದವಳ ಹಾಗೆ ಇದ್ದೆ.

ಮೇ ೪

ಬೆಳಿಗ್ಗೆ ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದೆ. ಹೊರಗೆ ಏನೋ ಸದ್ದು. ಬಂದು ನೋಡಿದರೆ ಅತ್ತೆ ಸ್ಟೂಲಿನ ಮೇಲೆ. ಮಂಡಿ ಬಗ್ಗದವರು, ಬಚ್ಚಲಿನ ಒಂದು ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯುವವರು, ಒಂದು ಕೈಯಲ್ಲಿ ದಂಟು, ಇನ್ನೊಂದರಲ್ಲಿ ಬಿಸ್ಕತ್ತಿನ ಖಾಲಿ ಪೊಟ್ಟಣ ಹಿಡಿದುಕೊಂಡು ಜುಟ್ಟು ಒದರುತ್ತಿದ್ದಾರೆ. ಸ್ಟೂಲಿನ ಒಂದು ಕಾಲು ನೆಲದ ಮೇಲಿಲ್ಲ.

ಅವನು ಹೇಳಿದ ಮಾತು ಕಿವಿಯಲ್ಲಿತ್ತು. ಬಿದ್ದುಗಿದ್ದರೆ. ಓಡಿಹೋಗಿ ಅತ್ತೆಯ ಸೊಂಟ ತಬ್ಬಿಕೊಂಡು ಇಳಿಸಿದೆ. ಅವರ ಮೇಲೆ ರೇಗಿದೆ, ಅವನ ಮೇಲೆ ರೇಗಬೇಕಾದದ್ದೆಲ್ಲ ಅವರ ಮೇಲೆ ರೇಗಿದೆ. ಅತ್ತೆ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, "ನಿನಗಾಗಲ್ಲ ಅಂದೆ, ಸರಿ. ನನಗಾಗುತ್ತಾ ನೋಡಣ ಅಂತ ಹತ್ತಿದೆ. ಅದಕ್ಯಾಕೆ ಇಷ್ಟು ಕೂಗಾಟ?" ಎಂದರು.

ಆಮೇಲೆ ನಾನೇ ಹತ್ತಿದೆ. ಅತ್ತೆ ಸ್ಟೂಲ್ ಹಿಡಿದುಕೊಂಡರು. ಸಾಲು ಪೂರ್ತಿ ಮುಗಿಸಿದೆ. ಸ್ಟೂಲ್ ಟಕಟಕ ಎನ್ನುತ್ತಿತ್ತು. ಕಾರು ಬಂತು. ನಿಧಾನವಾಯಿತು. ನಾನು ಜುಟ್ಟನ್ನೇ ನೋಡುತ್ತಿದ್ದೆ. ಅತ್ತೆ ಬೊಚ್ಚುಬಾಯಿ ಅಗಲ ಮಾಡಿ ಅವನನ್ನು ನೋಡಿ ನಕ್ಕರಂತೆ.

ಮೇ ೬

ಎದುರಿನ ಕ್ಷೌರದಂಗಡಿಯವರು ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದು, "ಅಕ್ಕಾ, ಏನು ಅದು ದಿನಾ?" ಎಂದರು. ವಿವರಿಸಿದೆ. "ಅಂದ್ರೆ ಮದುವೆ ಮಾಡಿಸ್ತಿದೀರಿ ಅನ್ನಿ. ಕೂದಲು ಜಾಸ್ತಿ ಆದ್ರೆ ಹೇಳಿ, ನಾನಿದೀನಿ" ಎಂದರು. ಅವರ ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದವರೂ ನೊರೆಯ ಮುಖದಲ್ಲೇ ನೋಡಲು ಬಂದರು. ಪತ್ರಿಕೆ ಹಾಕುವವರು, ತರಕಾರಿ ಗಾಡಿಯವಳು, ಎಲ್ಲರೂ ಕೇಳುತ್ತಾರೆ. ತರಕಾರಿಯವಳು ಒಂದು ಹಳೆಯ ಬಣ್ಣದ ಬ್ರಷ್ ತಂದುಕೊಟ್ಟಳು, ಹುಡಿ ಹಚ್ಚಲು. ಕೈಗಿಂತ ಅದೇ ವಾಸಿ. ನಾನು ಹಲ್ಲಿಗೆ ಬಣ್ಣ ಹಚ್ಚುವ ಸಣ್ಣ ಬ್ರಷ್ ಇದೆಯಲ್ಲ, ಅದು ಇನ್ನೂ ವಾಸಿ ಎಂದು ಈಗ ಹೊಳೆಯುತ್ತಿದೆ.

ನೀಲಿ ಕಾರು ಬಂತು. ಒಂದು ಸಲ ಇರಬೇಕು.

ಮೇ ೧೨

ಹುಡಿ ಉದುರುವುದು ನಿಂತಿದೆ. ತೆನೆ ದಪ್ಪವಾಗುತ್ತಿದೆ. ಕೊನೆಗೂ ಶುರು ಮಾಡಿದ ಅತ್ತೆಯ ಹಲ್ಲಿನ ಸೆಟ್ಟಿನ ಮೇಣದ ಅಚ್ಚು ಇವತ್ತು ಒಂದೇ ಸಲಕ್ಕೆ ಸರಿಯಾಗಿ ಕೂತಿತು. ಮೇಣ ಈ ಸಲ ಒಳ್ಳೆಯದು ಬಂದಿದೆ ಎಂದು ಕಾಣುತ್ತದೆ.

ಆಸ್ಪತ್ರೆಗೆ ಹೋಗಿದ್ದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅಂಚೆಯಕ್ಕ ವಾಕರ್ ಹಿಡಿದುಕೊಂಡು ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ಎಷ್ಟು ಇಳಿದುಹೋಗಿದ್ದಾಳೆ. ನನ್ನನ್ನು ನೋಡಿ ನಿಂತಳು. ಕೇಸಿನ ಮಾತು ತೆಗೆಯುತ್ತಾಳೆ, ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ನನಗೆ ಹೆದರಿಕೆ, ನನ್ನಿಂದ ಆಗುವುದಿಲ್ಲ, ನಾವಿಬ್ಬರೇ ಹೆಂಗಸರು, ಎಲ್ಲ ಸಿದ್ಧವಾಗಿತ್ತು.

"ಕೂದಲು ಕಂದು ಬಣ್ಣಕ್ಕೆ ಬಂತಾ?" ಎಂದಳು.

"ತುದಿ ಮಾತ್ರ."

"ಪೂರ್ತಿ ಒಣಗಿ ಕಂದಾಗ್ಬೇಕು. ಆಮೇಲೆ ಸಿಪ್ಪೆ ಒಂಚೂರು ಸರಿಸಿ ಕಾಳಿಗೆ ಉಗುರು ಒತ್ತಿ. ನೀರು ಬಂದ್ರೆ ಇನ್ನೂ ಎಳೇದು. ಹಾಲು ಬಂದ್ರೆ ಸರಿ. ಏನೂ ಬರ್ಲಿಲ್ಲ ಅಂದ್ರೆ ಹೊತ್ತು ಮೀರ್ತು ಅಂತ." ಹಾಸಿಗೆಯ ಮೇಲೆ ನಿಧಾನವಾಗಿ ಕೂತುಕೊಂಡು ಮುಂದುವರಿಸಿದಳು, "ಮತ್ತೆ ಮೊದ್ಲು ಒಲೆ ಮೇಲೆ ನೀರಿಡಿ, ಕುದಿ ಬಂದ ಮೇಲೆ ಹೋಗಿ ಕೀಳಿ. ಕಿತ್ತ ಗಳಿಗೆಯಿಂದ ಸಿಹಿ ಇಳಿಯೋಕೆ ಶುರು ಆಗುತ್ತೆ. ಅಂಗಡೀಲಿ ಸಿಗೋದು ಅದಕ್ಕೇ ಸಪ್ಪೆ."

ಅವಳು ಕೇಳಲೇ ಇಲ್ಲ. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ಬರುವಾಗ ನನಗೇ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮೇ ೨೦

ನಾಳೆ.

ಕನ್ನಡಿ ಮುಂದೆ ಎರಡೂ ಹೇಳಿ ನೋಡಿದೆ. "ಮುಖ ಸರಿಯಾಗಿ ಕಾಣಲಿಲ್ಲ" ಎಂಬುದು ಈಗ ಸರಾಗವಾಗಿ ಬರುತ್ತಿಲ್ಲ. "ಕಾಣಿಸಿತು" ಎಂಬುದೂ ಪೂರ್ತಿಯಾಗಿ ಬಾಯಿಂದ ಹೊರಡುವುದಿಲ್ಲ. ಹೀಗಾದರೆ ನಾಳೆ ನಾನು ಬಾಯಿ ತೆರೆದುಕೊಂಡು ಸುಮ್ಮನೆ ನಿಲ್ಲುತ್ತೇನೆ, ಅತ್ತೆ ಬಂದವರಿಗೆ ತೋರಿಸುವ ಹಾಗೆ.

ಕಾರು ಇವತ್ತು ಗೇಟಿನ ಎದುರೇ ತುಂಬಾ ಹೊತ್ತು ನಿಂತಿತ್ತು. ಇಳಿಯಲಿಲ್ಲ. ಇಂಜಿನ್ ಆರಿಸಲಿಲ್ಲ. ಕ್ಷೌರದಂಗಡಿಯವರು ಬಾಗಿಲಿಗೆ ಬಂದು ನಿಂತು ಕಾರಿನ ಕಡೆಯೇ ನೋಡುತ್ತಾ ಕತ್ತರಿ ಒರೆಸಿದರು. ಆಮೇಲೆ ಅದು ಹೋಯಿತು. ನನಗೆ ಹೆದರಿಕೆಯಾಗುತ್ತಿದೆ. ಹೆದರಿಕೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಆಗಿಲ್ಲ.

ಸಂಜೆ ಒಂದು ತೆನೆಯ ಸಿಪ್ಪೆ ಸರಿಸಿ ಉಗುರು ಒತ್ತಿದೆ. ಹಾಲು ಬಂತು. ಇವತ್ತೇ ಕೀಳೋಣವೇ ಎಂದರೆ ಅತ್ತೆ, "ನಾಳೆ ಕಳೀಲಿ. ಇವತ್ತು ತಿಂದ್ರೆ ನಿನಗೆ ರುಚಿ ಗೊತ್ತಾಗಲ್ಲ, ನನ್ನ ಹೊಸ ಹಲ್ಲಿಗೆ ಮರ್ಯಾದೆ ಇರಲ್ಲ" ಎಂದರು.

ಬೀರು ತೆಗೆದು ನಾಳೆ ಹಾಕಿಕೊಳ್ಳುವ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದೇನೆ.

ಮೇ ೨೧

ಹೇಳಿದೆ.

ಅವನು ಮುಂದಿನ ಸಾಲಿನಲ್ಲೇ ಕೂತಿದ್ದ. ಪಕ್ಕದಲ್ಲಿ ಆ ಡ್ರೈವರ್. ಅವನನ್ನು ಇವತ್ತೇ ಮೊದಲು ನೋಡಿದ್ದು. ಅಂಗಿಯ ಕಾಲರ್ ಸವೆದು ಮಗುಚಿ ಹೊಲಿದಿತ್ತು. ಇಡೀ ಹೊತ್ತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಕಾರಿನಿಂದ ಯಾರು ಇಳಿದರು ಎಂದು ಕೇಳಿದಾಗ ಯಜಮಾನನ ಕಡೆ ಬೆರಳು ತೋರಿಸಿ ಹೇಳಿದೆ. ಬೆರಳು ನಡುಗುತ್ತಿತ್ತು. ಎಲ್ಲರಿಗೂ ಕಂಡಿತು.

ಯಜಮಾನನ ವಕೀಲರು ಎದ್ದು ನಿಂತು ಸಮಾಧಾನವಾಗಿ ಕೇಳಿದರು, "ನೀವು ತುಂಬಾ ಹೆದರಿದೀರಿ, ಅಲ್ವಾ?"

"ಹೌದು."

"ಹೆದರಿದವರಿಗೆ ಹಗ್ಗಾನೂ ಹಾವಿನ ಹಾಗೆ ಕಾಣುತ್ತೆ. ಅವತ್ತು ನಿಮಗೆ ಏನು ಸರಿಯಾಗಿ ಕಂಡಿರುತ್ತೆ?"

"ಅವತ್ತು ಹೆದರಿರ್ಲಿಲ್ಲ ಸ್ವಾಮಿ" ಎಂದೆ. "ಹೆದರಿಕೆ ಶುರುವಾದದ್ದು ಆಮೇಲೆ. ಇವರು ದಿನಾ ನಮ್ಮ ಬೀದಿಗೆ ಬರೋಕೆ ಶುರು ಮಾಡಿದ ಮೇಲೆ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ದಿನಾ ಬರುವುದು ಎಂದರೇನು ಎಂದು ಕೇಳಿದರು. ಅದನ್ನೂ ಹೇಳಿದೆ, ಜೋಳ, ಬೀರು, ಸ್ಟೂಲು, ಎಲ್ಲ. ನಡುವೆ ಒಂದು ಸಲ ನೀರು ಕೇಳಿದೆ. ತೀರ್ಪಿಗೆ ಇನ್ನೂ ಸಮಯವಿದೆಯಂತೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ, ಅತ್ತೆ ಬಂದು ಎಬ್ಬಿಸಿದರು.

ಮೇ ೨೨

ಅಂಚೆಯಕ್ಕನನ್ನು ನಿನ್ನೆ ಮನೆಗೆ ಕಳಿಸಿದ್ದಾರೆ. ಕ್ಷೌರದಂಗಡಿಯವರು ಇವತ್ತು ಅಂಗಡಿ ಬೇಗ ಮುಚ್ಚಿ ಅವಳನ್ನು ಆಟೋದಲ್ಲಿ ಕರೆದುಕೊಂಡು ಬಂದರು. ಅವಳ ವಾಕರ್ ನಮ್ಮ ಮನೆ ಬಾಗಿಲಲ್ಲಿ ಹಿಡಿಯಲಿಲ್ಲ, ಆದ್ದರಿಂದ ಅಂಗಳದಲ್ಲೇ ಗೇಟಿನ ಹತ್ತಿರ ಕುರ್ಚಿ ಹಾಕಿದೆ. ಎಲ್ಲರೂ ಅಲ್ಲೇ ಕೂತರು. ಕೂರಲು ಜಾಗ ಸಾಲದೆ ಗೇಟಿನಿಂದ ನಾಲ್ಕು ಗಿಡದವರೆಗಿನ ದಂಟು ಕಡಿದು ಹಾಕಿದೆ. ಅವುಗಳ ತೆನೆಯನ್ನು ಮೊದಲ ಪಾತ್ರೆಗೇ ಕಿತ್ತಾಗಿತ್ತು.

ಕಟ್ಟುನಿಟ್ಟಾಗಿ ಮೊದಲು ನೀರಿಟ್ಟೆ. ಕುದಿ ಬಂದ ಮೇಲೆ ಕಿತ್ತು, ಓಡುತ್ತಾ ಸಿಪ್ಪೆ ಸುಲಿದು, ಪಾತ್ರೆಗೆ ಹಾಕಿದೆ. ಐದು ನಿಮಿಷ ಸಾಕು ಎಂದಿದ್ದಳು ಅಂಚೆಯಕ್ಕ, ಅಷ್ಟೇ ಇಟ್ಟೆ. ಉಪ್ಪೂ ಹಾಕಲಿಲ್ಲ. ಅತ್ತೆ ಹೊಸ ಹಲ್ಲು ಹಾಕಿಕೊಂಡು ತೆನೆಯನ್ನು ಎರಡೂ ಕೈಯಲ್ಲಿ ಹಿಡಿದರು. ನಮ್ಮ ಕಸುಬಿನಲ್ಲಿ ಹೊಸ ಸೆಟ್ಟು ಹಾಕಿಕೊಂಡವರಿಗೆ ಮೊದಲ ದಿನವೇ ಇಡೀ ತೆನೆ ಕಚ್ಚಬೇಡಿ ಎಂದೇ ಹೇಳುವುದು, ಮುಂದಿನ ಹಲ್ಲಿಗೆ ಭಾರ ಬಿದ್ದರೆ ಸೆಟ್ಟು ಎದ್ದುಬಿಡುತ್ತದೆ. ಹೇಳಿದೆ. ಯಾರು ಕೇಳುತ್ತಾರೆ? ಕಚ್ಚಿದರು. ಸೆಟ್ಟು ಏಳಲಿಲ್ಲ. ಕಾಳಿನ ಹಾಲು ಗಲ್ಲದ ಮೇಲೆ ಇಳಿಯಿತು. ಅಗಿದು ನುಂಗುವವರೆಗೆ ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದೆವು.

"ಸಕ್ಕರೆ ಕಾಯಿಲೆಯವರು ಎಷ್ಟು ತಿನ್ಬಹುದು ಇದನ್ನ?" ಎಂದು ಕೇಳಿದರು.

"ಅರ್ಧ" ಎಂದೆ.

"ಸರಿ, ಇನ್ನರ್ಧ ನಾಳೆ ಲೆಕ್ಕಕ್ಕೆ" ಎಂದು ಪೂರ್ತಿ ಮುಗಿಸಿದರು.

ನನ್ನ ಪಾಲಿಗೆ ಬಂದ ತೆನೆಯಲ್ಲಿ ಬುಡದ ಕಡೆ ಕಾಳು ಒತ್ತಾಗಿತ್ತು, ನಡುವೆ ಬಿಟ್ಟುಬಿಟ್ಟು ಬೋಳು, ಮತ್ತೆ ತುದಿಯ ಕಡೆ ತುಂಬಿತ್ತು. ಹಲ್ಲು ಉದುರಿದ ಬಾಯಿಯ ಹಾಗೆ. ಅಂಚೆಯಕ್ಕ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಕೂದಲು ಬುಡದಿಂದ ಶುರುವಾಗಿ ತುದಿಗೆ ಬರುತ್ತೆ" ಎಂದಳು. "ಇಲ್ಲಿ ಮೊದಲನೇ ದಿನ ಹಚ್ಚಿದೀರಿ. ಇಲ್ಲಿ ಎರಡು ಮೂರು ದಿನ ಹೊರಗೆ ಬಂದಿಲ್ಲ. ಇಲ್ಲಿಂದ ಮತ್ತೆ ಬಂದಿದೀರಿ."

ನನಗೆ ನಾಚಿಕೆಯಾಯಿತು. ಹೌದು ಎಂದೆ. ಅವಳು ಬೋಳು ಜಾಗದ ಮೇಲೆ ಹೆಬ್ಬೆರಳು ಆಡಿಸಿ, ತೆನೆಯನ್ನು ನನಗೆ ವಾಪಸ್ಸು ಕೊಡದೆ ತಾನೇ ತಿನ್ನತೊಡಗಿದಳು. ತಟ್ಟೆಯಲ್ಲಿದ್ದ ತುಂಬಿದ ತೆನೆಯನ್ನು ನನ್ನ ಕಡೆ ಸರ್ರನೆ ತಳ್ಳಿದಳು. ಬೇಡ ಎನ್ನಲು ಹೋದವಳು ಎರಡೂ ಕೈಯಲ್ಲಿ ತೆಗೆದುಕೊಂಡು ತಿಂದೆ. ಇಷ್ಟು ಸಿಹಿಯಾದ ಜೋಳ ನಾನು ತಿಂದಿರಲಿಲ್ಲ.

ಮುಂದಿನ ಸಲ ಚೌಕವಾಗಿ ಹಾಕಬೇಕು. ಹಿತ್ತಲಿಗಿಂತ ಅಂಗಳದಲ್ಲೇ ಬಿಸಿಲು ಚೆನ್ನಾಗಿದೆ, ಗೋಡೆಗೆ ಒತ್ತದೆ ಸ್ವಲ್ಪ ಈಚೆ.

ಪಾತ್ರೆ ತೊಳೆಯುವಾಗ ಅತ್ತೆ ಹೇಳಿದರು: ಎರಡನೇ ಸಲ ನೀರಿಟ್ಟಿದ್ದಾಗ ನೀಲಿ ಕಾರು ಬಂದಿತ್ತಂತೆ. ಗೋಡೆಯ ಹತ್ತಿರ ನಿಧಾನವಾಯಿತಂತೆ. ಇವರೆಲ್ಲ ತೆನೆ ಹಿಡಿದುಕೊಂಡು ಅದನ್ನೇ ನೋಡಿದರಂತೆ. "ಗೋಡೆ ಪಕ್ಕದಲ್ಲೇ ನಿಂತಿದ್ದೆಯಲ್ಲ, ನೀನು ನೋಡ್ಲಿಲ್ವಾ?"

ನೋಡಿರಲಿಲ್ಲ. ಮೂಲೆಯ ಗಿಡದಲ್ಲಿ ಇನ್ನೊಂದು ತೆನೆ ಇತ್ತು, ಬಲಿತಿದೆಯೋ ಇಲ್ಲವೋ ಎಂದು ಉಗುರು ಒತ್ತಿ ನೋಡುತ್ತಿದ್ದೆ. ಹಾಲು ಬಂತು. ಒಲೆಯ ಮೇಲೆ ನೀರು ಕುದಿಯುತ್ತಿದ್ದದ್ದು ಅಲ್ಲಿಗೇ ಕೇಳಿಸುತ್ತಿತ್ತು, ಕಿತ್ತುಕೊಂಡು ಓಡಿದೆ.